ಕರಿ ಟೇಪು ಹಚ್ಚುವುದಿಲ್ಲ

ನಾನು ಕೆಂಪು ಕಾರಿನ ಒಡೆಯನಾದ ಮೇಲೆ ಈ ಪುಣೆಯ ಜನ ನನಗೆ ಅತಿ ಹೆಚ್ಚು ಸಲ ಕೊಟ್ಟ ಸಲಹೆ ಎಂದರೆ ಕರಿ ಟೇಪು. ಕಾರಿನ ಮೀಟರುಗಳ ನಡುವೆ ಹಳದಿ ಬಣ್ಣದ ಪುಟ್ಟ ದೀಪವೊಂದು ಆಗಾಗ ಹತ್ತಿಕೊಳ್ಳುತ್ತಿತ್ತು. ಎಂಜಿನ್ನಿಗೆ ಏನೋ ಆಗಿದೆ, ನೋಡು ಎಂದು ಅದರ ಅರ್ಥ. ಅದರ ಮೇಲಿರುವುದು ಎಂಜಿನ್ನಿನ ಚಿತ್ರವೆಂದು ಕಾರಿನ ಜೊತೆಗೆ ಬಂದ ಪುಸ್ತಕ ಹೇಳುತ್ತದೆ. ನನ್ನ ಕಣ್ಣಿಗೆ ಅದು ತಂಬಿಗೆಗೆ ನಲ್ಲಿ ಕೂಡಿಸಿದ ಹಾಗೆ ಕಾಣುತ್ತದೆ. ಪೆಟ್ರೋಲ್ ಪಂಪಿನವನು ಬಗ್ಗಿ ನೋಡಿ ಟೇಪು ಎಂದ. ನಮ್ಮ ಸೊಸೈಟಿಯ ಚೇರ್ಮನ್ನರು ಟೇಪು ಎಂದರು. ಸಿಗ್ನಲ್ಲಿನಲ್ಲಿ ಪಕ್ಕ ನಿಂತ ರಿಕ್ಷಾದವನೊಬ್ಬ ತಲೆ ಹೊರಗೆ ಹಾಕಿ, "ಕಾಕಾ, ಕಾಳೀ ಟೇಪ್ ಲಾವಾ, ದಿಸಲಂ ನಾಹೀ ಮ್ಹಣಜೇ ಝಾಲಂ" ಎಂದ. ಕಾಣಲಿಲ್ಲವೆಂದರೆ ಮುಗಿಯಿತಂತೆ! ಕೇಳದೆ ಕೊಟ್ಟ ಸಲಹೆಗೆ ಹಸಿರು ದೀಪ ಬಿದ್ದ ಮೇಲೂ ಉತ್ತರ ಕೊಡುತ್ತಲೇ ಇದ್ದೆ. ಹಿಂದಿನ ಸ್ಕೂಟರಿನವರು ಹಾರ್ನ್ ಹಾಕಿ ನನ್ನನ್ನು ಮುಂದೆ ದಬ್ಬಬೇಕಾಯಿತು.

ನನಗೆ ಸಿಟ್ಟು ಬರಲು ಕಾರಣವಿದೆ. ನಿಗಡಿಯಲ್ಲಿ ನನ್ನದೊಂದು ಅಂಗಡಿ ಇದೆ. ಅಲ್ಲಿ ನಾನು ಮಾರುವುದು ಆಯಿಲ್ ಸೀಲು, ಗ್ಯಾಸ್ಕೆಟ್ಟು, ವಾಷರು. ಲಾರಿಯಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಯಾವ ಯಂತ್ರ ಎಲ್ಲಿ ಸೋರಿದರೂ ಅದನ್ನು ನಿಲ್ಲಿಸುವ ರಬ್ಬರಿನ ಬಳೆ ನನ್ನ ಹತ್ತಿರ ಸಿಗುತ್ತದೆ. ಬಿಜಾಪುರದಿಂದ ಬಂದು ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಗಿರಾಕಿ ಹೊರಡುವಾಗ "ಪೂರಾ ಬಿಗಿ ಮಾಡ್ರಿ, ಸಡ್ಲ ಬಿಡಬ್ಯಾಡ್ರಿ" ಎಂದು ಒಂದೇ ಪಾಠ ಒಪ್ಪಿಸಿ ಕಳಿಸುತ್ತೇನೆ, ಮರಾಠಿಯವರಿಗೆ ಮರಾಠಿಯಲ್ಲಿ. ಸೋರುವುದನ್ನು ನಿಲ್ಲಿಸುವುದು ನನ್ನ ಕಸುಬು. ಮುಚ್ಚಿಡುವುದಲ್ಲ. ಇದನ್ನು ಓದುವ ನಿಮಗೆ ಮೊದಲೇ ಹೇಳಿಬಿಡುತ್ತೇನೆ, ಈ ಪಾಠ ನೆನಪಿಟ್ಟುಕೊಳ್ಳಿ. ಮುಂದೆ ನನ್ನನ್ನು ನೋಡಿ ನಗಲು ಬೇಕಾಗುತ್ತದೆ.

ಕಾರಿನ ಮಾತು ಹೇಳದೆ ಮುಂದೆ ಹೋದರೆ ನಾನು ಶ್ರೀಮಂತ ಎಂದುಕೊಂಡೀರಿ. ಅದು ಎರಡೇ ಸೀಟಿನ, ಮೇಲಿನ ಟಪ್ಪು ಮಡಚಿ ಹಿಂದಕ್ಕೆ ಹಾಕಬಹುದಾದ, ಪರದೇಶದ ಹಳೆಯ ಸ್ಪೋರ್ಟ್ಸ್ ಕಾರು. ಮೊಬೈಲು ಆಗಷ್ಟೇ ಎಲ್ಲರ ಅಂಗಿ ಜೇಬಿಗೆ ಬರುತ್ತಿದ್ದ ಕಾಲ. ಯಾವುದೋ ಕಾರ್ಖಾನೆಯ ವಿದೇಶಿ ಸಾಹೇಬರದು ಅದು. ಅವರ ಡ್ರೈವರ್ ಒಮ್ಮೆ ತಾಮ್ರದ ವಾಷರ್ ಕೇಳಿಕೊಂಡು ನನ್ನ ಅಂಗಡಿ ಮುಂದೆ ನಿಲ್ಲಿಸಿದ. ಹಪ್ಪಳದಷ್ಟು ಕುಳ್ಳಗೆ ನೆಲಕ್ಕೆ ಅಂಟಿಕೊಂಡು ನಿಂತಿತ್ತು. ನಾನು ವಾಷರ್ ಕೊಡುವುದನ್ನು ಬಿಟ್ಟು ಹೊರಗೆ ಬಂದು ನಿಂತೆ. ಮೂವತ್ತು ವರ್ಷ ಬೇರೆಯವರ ಗಾಡಿಗಳ ಹೊಟ್ಟೆಯ ಸಾಮಾನು ಮಾರುತ್ತ ಸ್ವತಃ ಸ್ಕೂಟರಿನ ಮೇಲೆ ಓಡಾಡಿದವನು ನಾನು. ಆ ದಿನ ನನಗೆ ನನ್ನ ಸ್ಕೂಟರಿನ ಮೇಲೆ ಮೊದಲ ಸಲ ಬೇಸರ ಬಂತು. ಎರಡು ವರ್ಷದ ಮೇಲೆ ಸಾಹೇಬರು ಊರಿಗೆ ಹೊರಟರು. ಎರಡು ಸೀಟಿನ ಕಾರನ್ನು ಈ ಊರಲ್ಲಿ ಯಾರೂ ಕೇಳಲಿಲ್ಲ. ನಾನು ಕೇಳಿದೆ.

ಆಗ ನನಗೆ ಐವತ್ತೆರಡು ವಯಸ್ಸು. ಹೊಟ್ಟೆ ವಯಸ್ಸಿಗಿಂತ ಸ್ವಲ್ಪ ಮುಂದೆ. ಕಾರಿನೊಳಗೆ ಇಳಿಯುವುದು ಸುಲಭ, ಬಿದ್ದರಾಯಿತು. ಹೊರಬರಬೇಕಾದರೆ ಮಾತ್ರ ಸೊಸೈಟಿಯ ವಾಚ್‌ಮನ್ ಕೈ ಕೊಡಬೇಕು. ಸ್ಪೀಡ್‌ಬ್ರೇಕರ್ ಬಂದಲ್ಲೆಲ್ಲ ಅಡ್ಡಡ್ಡ ತಿರುಗಿಸಿ ಒಂದೊಂದೇ ಗಾಲಿ ದಾಟಿಸಬೇಕು. ಸೈಕಲ್ಲಿನವರು ನನ್ನನ್ನು ದಾಟಿ ಹೋಗುತ್ತಾರೆ, ಹೋಗುವಾಗ ತಿರುಗಿಯೂ ನೋಡುತ್ತಾರೆ. ನೋಡಲಿ. ಟಪ್ಪು ಮಡಚಿದ ಕಾರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹಳೆಯ ಮುಂಬಯಿ ರಸ್ತೆಯಲ್ಲಿ ಬೆಳಿಗ್ಗೆ ಹೋಗುವಾಗ ಅವಳ ಸೆರಗು ಹಾರಿ ನನ್ನ ಮೂಗಿಗೆ ಬಡಿಯುತ್ತದಲ್ಲ, ಆ ಸುಖಕ್ಕೆ ನಾನು ಯಾರ ಮುಂದೆಯೂ ಕಾರಣ ಕೊಡಬೇಕಿಲ್ಲ. ನನ್ನ ಹೆಂಡತಿ ಕಸ್ತೂರಿ ಮೊದಮೊದಲು "ಈ ವಯಸ್ಸಿನ್ಯಾಗ ಇದೇನ್ರಿ ನಿಮ್ಮದು" ಎನ್ನುತ್ತಿದ್ದಳು. ಆದರೂ ಪ್ರತಿ ಸಲ ತಲೆಗೆ ಕಟ್ಟಿಕೊಳ್ಳಲು ಒಂದು ಸ್ಕಾರ್ಫು ತರಲು ಮರೆಯುತ್ತಿರಲಿಲ್ಲ.

ದೀಪ ಮೊದಲ ಸಲ ಹತ್ತಿದ್ದು ಕೊಂಡ ಎರಡನೆಯ ವಾರದಲ್ಲಿ. ನಮ್ಮಲ್ಲಿ ದೀಪ ಹತ್ತುವುದು ಶುಭ. ಆರಿಸುವಾಗಲೂ ಆರಿಸು ಎನ್ನುವುದಿಲ್ಲ, ದೀಪ ಶಾಂತ ಮಾಡು ಎನ್ನುತ್ತೇವೆ. ಬೆಳಗುವುದನ್ನು ನೋಡಿದರೆ ಕೈ ಮುಗಿಯುವ ಜನ ನಾವು. ಇಂಥವರಿಗೆ ದೀಪ ತೋರಿಸಿ ಹೆದರಿಸಬೇಕೆಂದು ಯಾವ ದೇಶದ ಎಂಜಿನಿಯರನಿಗೆ ಹೊಳೆಯಿತೋ! ಕಸ್ತೂರಿ ಅದನ್ನು ಮೊದಲು ನೋಡಿದಾಗ "ಛಂದ ಅದ" ಎಂದಳು.

ಕೊಂಢವಾದಲ್ಲಿ ಯೂಸುಫಭಾಯಿ ಎಂಬ ಮೆಕ್ಯಾನಿಕ್ ಇದ್ದಾರೆ. ಕಲಬುರ್ಗಿ ಕಡೆಯವರು, ನನ್ನ ಹಳೆಯ ಗಿರಾಕಿ. ಗಾಡಿಯ ಮನಸ್ಸಿನಲ್ಲಿರುವುದನ್ನು ಓದಿ ಹೇಳುವ ಸ್ಕ್ಯಾನರ್ ಎಂಬ ಯಂತ್ರವನ್ನು ಆ ಭಾಗದಲ್ಲಿ ಮೊದಲು ತಂದವರು ಅವರೇ. ಅದರ ವೈರನ್ನು ಸ್ಟಿಯರಿಂಗಿನ ಕೆಳಗೆ ಚುಚ್ಚಿ, ಕನ್ನಡಕ ಏರಿಸಿ ಓದಿದರು.

"ಸಾವ್ಕಾರ್ರ, ನಿಮ್ಮ ಗಾಡಿ ಗಾಳಿ ಭಾಳ ಕುಡ್ಯಾಕತ್ತದ."

"ಗಾಳಿ ಎಲ್ಲಾ ಗಾಡೀನೂ ಕುಡಿತಾವಲ್ರಿ?"

"ಲೆಕ್ಕದ ಗಾಳಿ ಬ್ಯಾರೆ, ಕಳ್ಳಗಾಳಿ ಬ್ಯಾರೆ. ಎಲ್ಲೋ ಒಂದ ಕಡೆ ಸಂದಿ ಅದ. ಅಲ್ಲಿಂದ ಒಳಗ ಹೋಗಾಕತ್ತದ."

ಅವರು ಸಂದಿ ಹುಡುಕುವ ರೀತಿ ನನಗೆ ಬಹಳ ಹಿಡಿಸಿತು. ಬಾನೆಟ್ ಎತ್ತಿದ ಕೂಡಲೇ ಒಳಗಿನ ಪ್ರತಿ ಮುಚ್ಚಳ, ಪ್ರತಿ ಕ್ಲಿಪ್ಪನ್ನು ಕೈಯಿಂದ ಒಮ್ಮೆ ಒತ್ತಿ ತಿರುವಿ ನೋಡುತ್ತಾರೆ. ಅವರಿಗೇ ಗೊತ್ತಾಗದ ಹಾಗೆ ಅವರ ಕೈ ಅದನ್ನು ಮಾಡುತ್ತದೆ. ಆಮೇಲೆ ಎಂಜಿನ್ ಚಾಲೂ ಮಾಡಿ, ಪೆಟ್ರೋಲಿನ ಪೈಪಿನಿಂದ ದೂರ ದೂರ ಹಿಡಿದು, ಒಂದು ಊದುಬತ್ತಿಯನ್ನು ರಬ್ಬರ್ ಪೈಪುಗಳ ಸುತ್ತ ಆಡಿಸುತ್ತಾರೆ. ಎಲ್ಲಿ ಹೊಗೆ ನೆಟ್ಟಗೆ ಏಳದೆ ಒಳಕ್ಕೆ ಎಳೆದುಕೊಂಡು ಹೋಗುತ್ತದೋ ಅಲ್ಲಿ ಸಂದಿ. ಹೊಗೆ ಎಲ್ಲಿಯೂ ಒಳಗೆ ಹೋಗಲಿಲ್ಲ. ಹಳತಾಗಿದ್ದ ಒಂದು ಪೈಪು ಬದಲಿಸಿ, ಸ್ಕ್ಯಾನರಿನಿಂದ ದೀಪ ಅಳಿಸಿ ಕಳಿಸಿದರು. ನಾಲ್ಕು ದಿನ ದೀಪವಿಲ್ಲ. ಐದನೆಯ ದಿನ ಮತ್ತೆ ತಂಬಿಗೆ.

ಹೀಗೆ ಐದು ಸಲ ಆಯಿತು. ಪ್ರತಿ ಸಲ ಯೂಸುಫಭಾಯಿ ಏನೋ ಒಂದನ್ನು ಬದಲಿಸುತ್ತಾರೆ, ಕಾರು ಅವರ ಗ್ಯಾರೇಜಿನಿಂದ ಒಳ್ಳೆಯ ಮಗುವಿನಂತೆ ಹೊರಡುತ್ತದೆ, ನಮ್ಮ ಮನೆಗೆ ಬಂದು ಒಂದು ವಾರದೊಳಗೆ ರಂಪ. ಮೂರನೆಯ ಸಲಕ್ಕೆ ನಾನೇ ಪತ್ತೇದಾರಿಗೆ ಇಳಿದೆ. ಒಂದು ನೋಟ್‌ಬುಕ್ ಮಾಡಿದೆ. ಯಾವ ದಿನ ದೀಪ ಹತ್ತಿತು, ಮಳೆ ಇತ್ತೋ ಇಲ್ಲವೋ, ಎಲ್ಲಿ ಪೆಟ್ರೋಲ್ ಹಾಕಿಸಿದೆ, ಯಾವ ರಸ್ತೆ, ಕಸ್ತೂರಿ ಜೊತೆಗಿದ್ದಳೋ ಎಂದೆಲ್ಲ ಬರೆದೆ. ಮಳೆಗೂ ದೀಪಕ್ಕೂ ಸಂಬಂಧ ಕಾಣಲಿಲ್ಲ. ಕಸ್ತೂರಿಗೂ ದೀಪಕ್ಕೂ ಸಂಬಂಧವಿದೆಯೆಂದು ಒಂದು ವಾರ ಸಂಶಯವಿತ್ತು. ಅದನ್ನು ಅವಳು ನೋಟ್‌ಬುಕ್ಕಿನಲ್ಲಿ ಓದಿ, ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಆ ನೋಟ್‌ಬುಕ್ಕಿನಲ್ಲಿ ನಾನು ಬರೆಯದೆ ಬಿಟ್ಟದ್ದು ಒಂದೇ ಒಂದು. ಪ್ರತಿ ಭಾನುವಾರ ಸ್ನಾನವಾದ ಮೇಲೆ ನಾನು ಬಾನೆಟ್ ಎತ್ತುತ್ತೇನೆ. ಕಡ್ಡಿ ಎಳೆದು ಎಣ್ಣೆ ಎಷ್ಟಿದೆ ನೋಡುತ್ತೇನೆ. ಅಷ್ಟಕ್ಕೆ ಸಮಾಧಾನವಾಗದೆ ಎಂಜಿನ್ನಿನ ತಲೆಯ ಮೇಲಿರುವ ಎಣ್ಣೆಯ ಮುಚ್ಚಳ ತೆಗೆದು ಒಳಗೆ ಇಣುಕುತ್ತೇನೆ, ವಾಸನೆ ನೋಡುತ್ತೇನೆ, ಮುಚ್ಚಳ ಹಾಕುತ್ತೇನೆ. ಅದು ಬೇಕೇ ಎಂದು ಕೇಳಬೇಡಿ. ಮಲಗಿದ ಮಗುವಿನ ಹಣೆ ಮುಟ್ಟಿ ನೋಡುವುದಕ್ಕೆ ಜ್ವರವೇ ಇರಬೇಕೆಂದಿಲ್ಲವಲ್ಲ. ಡಾಕ್ಟರು ಏನೇನು ತಿಂದಿರಿ ಎಂದರೆ ನಾವು ಇಡ್ಲಿ ಹೇಳುತ್ತೇವೆ, ಊಟ ಹೇಳುತ್ತೇವೆ, ದಿನವಿಡೀ ಬಾಯಲ್ಲಿರುವ ಅಡಕೆ ಹೇಳುವುದಿಲ್ಲ. ಅದು ತಿನ್ನುವುದರಲ್ಲಿ ಬರುತ್ತದೆಂದೇ ನಮಗೆ ಅನಿಸಿರುವುದಿಲ್ಲ. ನನ್ನ ಭಾನುವಾರವೂ ಹಾಗೆಯೇ ಲೆಕ್ಕದಿಂದ ತಪ್ಪಿಸಿಕೊಂಡಿತು.

ಐದನೆಯ ಸಲ ದೀಪ ಹತ್ತಿದ ವಾರವೇ ಗಣೇಶ ಚೌತಿ. ಕಸ್ತೂರಿಯ ತಮ್ಮ ಶಿವಾನಂದ ಮತ್ತು ಅವನ ಹೆಂಡತಿ ಸವಿತಾ ಊಟಕ್ಕೆ ಬಂದಿದ್ದರು. ಶಿವಾನಂದ ಚಾಕಣದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ತಪಾಸಣೆಯ ಸಾಹೇಬ. ಮಾಲು ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಹಚ್ಚುವುದು ಅವನ ಕೆಲಸ. ಮನೆಗೆ ಬಂದಾಗಲೂ ಆ ಕೈ ಸುಮ್ಮನಿರುವುದಿಲ್ಲ. ಕಡುಬು ಮುರಿಯುತ್ತ ಹೇಳಿದ:

"ಮಾಮಾ, ಐದು ಸಲ ಅಂದ್ರ ಅದು ರಿಜೆಕ್ಟ್ ಮಾಲು. ನಮ್ಮ ಕಡೆ ಎರಡನೇ ಸಲಕ್ಕ ಹೊರಗ ಒಗಿತೀವಿ. ನನಗ ಗೊತ್ತಿದ್ದ ಡಾಕ್ಟರ್ ಒಬ್ರು ಅದಾರ, ಹಿಂಗ ಶೋಕಿ ಗಾಡಿ ಕೂಡಿಸ್ತಾರ. ದಸರಾಕ್ಕ ತಗೋತೀನಿ ಅಂದಾರ. ಕೊಟ್ಟುಬಿಡ್ರಿ. ನಿಮ್ಮ ವಯಸ್ಸಿಗೆ ಒಂದು ನಾಲ್ಕು ಸೀಟಿನ ಬಿಳೀ ಗಾಡಿ ತಗೊಳ್ರಿ."

ಬಿಳಿ ಗಾಡಿ ಎಂಬ ಮಾತು ನನ್ನ ನೆತ್ತಿಗೆ ಏರಿತು. ನನ್ನ ವಯಸ್ಸಿಗೆ ಬಿಳಿ ಅಂಗಿ, ಬಿಳಿ ಗಾಡಿ, ಬಿಳಿ ಅನ್ನ! ಎಡಗೈಯಲ್ಲಿ ನೀರಿನ ಲೋಟ ಹಿಡಿದವನು ಎಲೆಯ ಮುಂದೆಯೇ ಮಾತು ಕೊಟ್ಟುಬಿಟ್ಟೆ. "ದಸರಾದೊಳಗ ಆ ದೀಪ ಇನ್ನೊಂದು ಸಲ ಹತ್ತಿದ್ರ, ಕೀಲಿಕೈ ನಿನ್ನ ಅಂಗೈ ಮ್ಯಾಲ ಇಡ್ತೀನಿ. ಹತ್ತಲಿಲ್ಲಂದ್ರ ಈ ಗಾಡಿ ಮಾತು ನೀ ಜೀವನದಾಗ ಎತ್ತಬಾರದು." ಕಸ್ತೂರಿ ನನ್ನ ಕಡೆ ನೋಡಿದಳು. ಅದು ಮೆಚ್ಚಿದ ನೋಟವಲ್ಲ.

ಮಾತು ಕೊಟ್ಟ ಮೇಲೆ ಭಯ ಶುರುವಾಯಿತು. ಯೂಸುಫಭಾಯಿಯ ಹತ್ತಿರ ಓಡಿದೆ. ಅವರು ಕಾರನ್ನು ನಾಲ್ಕು ವಾರ ಗ್ಯಾರೇಜಿನಲ್ಲೇ ಇಟ್ಟುಕೊಂಡು, ಮುಂಬಯಿಯಿಂದ ಗಾಳಿ ಅಳೆಯುವ ಸೆನ್ಸರ್ ತರಿಸಿ ಹಾಕಿದರು. ಆ ನಾಲ್ಕು ವಾರ ನಾನು ಮತ್ತೆ ಸ್ಕೂಟರಿನ ಮೇಲೆ ಹೋದೆ. ಅಂಗಡಿಗೆ ಬಂದವರು "ಲಾಲ್ ಪರೀ ಎಲ್ಲಿ?" ಎಂದು ಕೇಳುವರು. ಸ್ಕೂಟರಿನ ಮೇಲೆ ಕೂತಾಗ ನಾನು ಬೇರೆ ಮನುಷ್ಯನಾಗುತ್ತಿದ್ದೆ, ಯಾವಾಗಲೂ ತಡವಾಗಿರುವ, ಯಾವಾಗಲೂ ಎಡಕ್ಕೆ ಸರಿಯುವ ಮನುಷ್ಯ. ಕಾರು ಹೋದರೆ ಸಾಯುವವರೆಗೆ ಇವನ ಜೊತೆಯೇ ಇರಬೇಕಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಸೋಮವಾರ ಕಾರು ಮನೆಗೆ ಬಂತು. ವಾರವಿಡೀ ದೀಪವಿಲ್ಲ. ಮುಂದಿನ ಸೋಮವಾರ ಯಂತ್ರ, ಗಾಡಿಗಳನ್ನು ಪೂಜಿಸುವ ಖಂಡೇನವಮಿ, ಮಂಗಳವಾರ ದಸರಾ. ಗೆದ್ದೆ ಎಂದುಕೊಂಡೆ.

ನಡುವೆ ಭಾನುವಾರವಿತ್ತು. ನಾಲ್ಕು ವಾರ ಕೈಗೆ ಸಿಗದಿದ್ದ ಕಾರನ್ನು ಆ ದಿನ ಪ್ರೀತಿಯಿಂದ ತೊಳೆದೆ. ಬಾನೆಟ್ ಎತ್ತಿ ಕಡ್ಡಿ ನೋಡಿದೆ, ಮುಚ್ಚಳ ತೆಗೆದು ಇಣುಕಿದೆ, ಹಾಕಿದೆ. ಹೂವು ತರಲೆಂದು ಅಕುರ್ಡಿಯ ಮಾರ್ಕೆಟ್ಟಿಗೆ ಹೋಗಿ ಬರುವಾಗ, ಮನೆ ಇನ್ನೆರಡು ತಿರುವು ಇದೆ ಎನ್ನುವಾಗ ತಂಬಿಗೆ ಹತ್ತಿತು. ಪಕ್ಕದ ಸೀಟಿನಲ್ಲಿ ಎರಡು ಬುಟ್ಟಿ ಚೆಂಡುಹೂವು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಈಗ ನಾಚಿಕೆಯ ಮಾತು. ಮರುದಿನ ಬೆಳಿಗ್ಗೆ, ಶಿವಾನಂದ, ಸವಿತಾ ಪೂಜೆಗೆ ಬರುವ ಮುಂಚೆ, ನಾನು ಕಾರಿನೊಳಗೆ ಕೂತು ಆ ದೀಪದ ಮೇಲೆ ಕರಿ ಟೇಪು ಹಚ್ಚಿದೆ. ಹೌದು, ನಾನೇ. ರಿಕ್ಷಾದವನ ಜೊತೆ ಜಗಳವಾಡಿದ ನಾನೇ. ಕತ್ತರಿಯಿಂದ ಅಳತೆಗೆ ಸರಿಯಾಗಿ ಕತ್ತರಿಸಿ, ಅಂಚು ಏಳದ ಹಾಗೆ ಉಗುರಿನಿಂದ ತೀಡಿ ಹಚ್ಚಿದೆ. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಕಾಣಲಿಲ್ಲ, ಮುಗಿಯಿತು.

ಮುಗಿಯಲು ಬಿಡದವಳು ಕಸ್ತೂರಿ. ಅವಳ ತವರು ಜಮಖಂಡಿ. ಅವಳ ಅಪ್ಪನದು ಹಿಟ್ಟಿನ ಗಿರಣಿ. ಅವರ ಮನೆಯಲ್ಲಿ ಖಂಡೇನವಮಿಯ ದಿನ ಗಿರಣಿಯನ್ನು ನಿಲ್ಲಿಸಿ ಪೂಜೆ ಮಾಡುವ ಪದ್ಧತಿಯಿಲ್ಲ. ಬೆಲ್ಟು ತಿರುಗುತ್ತಿರಬೇಕು, ಕಲ್ಲು ಗುಡುಗುತ್ತಿರಬೇಕು, ಆಗಲೇ ಆರತಿ. ನಿಂತ ಯಂತ್ರಕ್ಕೆ ಪೂಜೆ ಮಾಡಿದರೆ ಅದು ಬರೀ ಕಬ್ಬಿಣಕ್ಕೆ ಮಾಡಿದಂತೆ ಎಂದು ನಮ್ಮ ಮಾವನವರು ಹೇಳುತ್ತಿದ್ದರು. ನನ್ನ ಸ್ಕೂಟರಿಗೂ ಅವಳು ಮೂವತ್ತು ವರ್ಷ ಹೊಗೆಯಲ್ಲಿ ಕೆಮ್ಮುತ್ತಲೇ ಆರತಿ ಎತ್ತಿದ್ದಾಳೆ. ನನಗದು ಮರೆತೇಹೋಗಿತ್ತು. ಕಳ್ಳನಿಗೆ ಎಲ್ಲ ನೆನಪಿರಬೇಕು; ನಾನು ಹೊಸ ಕಳ್ಳ.

"ಬಾನೆಟ್ ಎತ್ರಿ. ತಮ್ಮಾ, ನೀ ಒಳಗ ಕೂತು ಚಾಲೂ ಮಾಡು," ಎಂದಳು.

ಶಿವಾನಂದ ಡ್ರೈವರ್ ಸೀಟಿಗೆ ಇಳಿದ. ಅವನ ಕಣ್ಣು ನೇರ ಮೀಟರಿನ ಮೇಲೆ. ಟೇಪಿನ ಚೌಕ ಅವನಿಗೆ ಇನ್ನೂ ಕಂಡಿರಲಿಲ್ಲ, ಕರಿಯ ಮೇಲೆ ಕರಿ. ಕೀಲಿ ತಿರುವಿದ. ಎಂಜಿನ್ ಗುರುಗುಟ್ಟಿತು. "ಅರೇ, ದೀಪ ಇಲ್ಲಲ್ಲ ಮಾಮಾ," ಎಂದು ನನ್ನ ಕಡೆ ತಿರುಗಿ, ನಿಜವಾಗಿ ಖುಷಿಯಿಂದ ನಕ್ಕ. ಅವನು ಕುಹಕವಾಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಖುಷಿಪಟ್ಟನಲ್ಲ, ಅದು ತಡೆಯಲಾಗಲಿಲ್ಲ. ಬಾಗಿಲಿನಿಂದ ಕೈ ಹಾಕಿ ಟೇಪನ್ನು ಕಿತ್ತೆ. ದೀಪ ಹಳದಿಯಾಗಿ ಉರಿಯುತ್ತಿತ್ತು. ಟೇಪಿನ ಅಂಟು ಇವತ್ತಿಗೂ ಆ ಗಾಜಿನ ಮೇಲೆ ಇದೆ, ನಾನೇ ಒರೆಸಿಲ್ಲ.

ಶಿವಾನಂದ ಮೆಲ್ಲಗೆ ಅಂಗೈ ಚಾಚಿದ. ಆಮೇಲೆ ಕೀಲಿಕೈ ಕಾರಿನಲ್ಲೇ ಇದೆ, ತಿರುವಿದವನು ತಾನೇ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ.

"ಪೂಜಿ ಮುಗಿಯೂತನಕ ಯಾರೂ ಬಂದ್ ಮಾಡಬ್ಯಾಡ್ರಿ," ಎಂದು ಕಸ್ತೂರಿ ಹೇಳಿದಳು. ಅವಳ ದನಿ ಗಟ್ಟಿಯಾಗಿತ್ತು. ಎಂಜಿನ್ನಿಗೆ ಅರಿಸಿನ ಕುಂಕುಮ ಏರಿಸಿ, ಹೂವಿಟ್ಟು, ಐದು ಊದುಬತ್ತಿ ಹಚ್ಚಿಕೊಂಡು ಎಂಜಿನ್ನಿನ ತಲೆಯ ಸುತ್ತ ಬೆಳಗತೊಡಗಿದಳು. ನಾನು ಕೈಮುಗಿದು ನಿಂತಿದ್ದೆ. ದೇವರಲ್ಲಿ ಏನೂ ಕೇಳಿಕೊಳ್ಳಲಿಲ್ಲ, ಕೇಳುವ ಮುಖವಿರಲಿಲ್ಲ.

ಮೂರನೆಯ ಸುತ್ತಿಗೆ ಅವಳ ಕೈ ನಿಂತಿತು.

"ರೀ, ಹೊಗಿ ಒಳಗ ಹೊಂಟದ ನೋಡ್ರಿ."

ಊದುಬತ್ತಿಯ ಹೊಗೆ ಒಂದು ಗೇಣು ಮೇಲಕ್ಕೆದ್ದು, ಸೊಂಟ ಬಗ್ಗಿಸಿ, ಎಣ್ಣೆಯ ಮುಚ್ಚಳದ ಬುಡದಲ್ಲಿ ಮಾಯವಾಗುತ್ತಿತ್ತು. ಯೂಸುಫಭಾಯಿಯ ಊದುಬತ್ತಿಯ ಕಥೆಯನ್ನು ನಾನು ಮನೆಯಲ್ಲಿ ಹತ್ತು ಸಲ ಹೇಳಿದ್ದರಿಂದ ಅವಳಿಗೆ ಅದರ ಅರ್ಥ ನನಗಿಂತ ಮೊದಲು ತಿಳಿಯಿತು. ಶಿವಾನಂದ ಕಾರಿನಿಂದ ಹೊರಗೆ ಹಾರಿ ಬಂದ. ಬಟ್ಟೆ ಸುತ್ತಿ ಮುಚ್ಚಳ ಹಿಡಿದು ತಿರುವಿದ. ಅದು ತಿರುಗಿತು. ಅರ್ಧ ಸುತ್ತು ತಿರುಗಿ ಗಟ್ಟಿಯಾಗಿ ನಿಂತಿತು. ಎಂಜಿನ್ನಿನ ಗುರುಗುಟ್ಟುವಿಕೆ ಸಮವಾಯಿತು, ಹೊಗೆ ನೆಟ್ಟಗಾಯಿತು.

"ಇದನ್ನ ಸಡ್ಲ ಮಾಡಿದ್ದು ಯಾರು?" ತಪಾಸಣೆಯ ಸಾಹೇಬ ಕೇಳಿದ.

ಸಡಿಲ ಮಾಡಿದವನಲ್ಲ, ಸಡಿಲ ಬಿಟ್ಟವನು ನಾನು. ಪ್ರತಿ ಭಾನುವಾರ. ಯೂಸುಫಭಾಯಿಯ ಕೈ ಬಾನೆಟ್ ಎತ್ತಿದ ಕೂಡಲೇ ಅದನ್ನು ಬಿಗಿ ಮಾಡುತ್ತಿತ್ತು, ಆಮೇಲೆ ಹುಡುಕಿದರೆ ಸಂದಿ ಎಲ್ಲಿಂದ ಸಿಗಬೇಕು! ಕಾರು ನಮ್ಮ ಮನೆಗೆ ಬರುತ್ತಿತ್ತು, ಭಾನುವಾರ ಬರುತ್ತಿತ್ತು, ನಾನು ಪ್ರೀತಿಯಿಂದ ಮುಚ್ಚಳ ತೆಗೆದು ಅರ್ಧ ಸುತ್ತು ಬಿಟ್ಟು ಹಾಕುತ್ತಿದ್ದೆ. ಊರಿಗೆಲ್ಲ "ಪೂರಾ ಬಿಗಿ ಮಾಡ್ರಿ" ಎಂದು ಪಾಠ ಹೇಳಿದವನು! ಈಗ ನಗಬಹುದು ನೀವು.

ನಕ್ಕಾದ ಮೇಲೆ ಆ ಅರ್ಧ ಸುತ್ತಿನ ಕಥೆ ಕೇಳಿ. ನಾನು ಆರನೆಯ ಇಯತ್ತೆಯಲ್ಲಿದ್ದೆ. ಬಿಜಾಪುರದ ನಮ್ಮ ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಇದ್ದಳು. ನೋವಿನಿಂದ ಅವಳ ಬೆರಳುಗಳು ಸೊಟ್ಟಗಾಗಿದ್ದವು. ಒಮ್ಮೆ ನಾವೆಲ್ಲ ಮದುವೆಗೆ ಹೊರಟೆವು, ಆಯಿ ಮನೆಯಲ್ಲೇ ಉಳಿದಳು. ಅವ್ವ ರೊಟ್ಟಿ ಮಾಡಿಟ್ಟು, ಇರುವೆ ಹತ್ತಬಾರದೆಂದು ಶೇಂಗಾ ಚಟ್ನಿಯನ್ನು ತಿರುಪಿನ ಬಾಟಲಿಗೆ ತುಂಬಿ ಶಕ್ತಿಯೆಲ್ಲ ಹಾಕಿ ಮುಚ್ಚಿದ್ದಳು. ಮರುದಿನ ಸಂಜೆ ಬಂದಾಗ ರೊಟ್ಟಿ ಮುಗಿದಿದ್ದವು, ಬಾಟಲಿ ತುಂಬಿದಂತೆಯೇ ಇತ್ತು. ಅದರ ಮುಚ್ಚಳಕ್ಕೆ ಆಯಿಯ ಸೀರೆಯ ಒಂದು ಎಳೆ ಸಿಕ್ಕಿಕೊಂಡಿತ್ತು. ಯಾಕೆ ತಿನ್ನಲಿಲ್ಲ ಎಂದರೆ, "ಖಾರ ತಿನಬ್ಯಾಡಂತ ಡಾಕ್ಟರ್ ಹೇಳ್ಯಾರಲ್ಲವಾ" ಎಂದಳು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಅವ್ವ ಅಡುಗೆಮನೆಗೆ ಹೋಗಿ ಅತ್ತಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಕಾಯ್ದೆ ಬಂತು: ಯಾವ ಮುಚ್ಚಳವಾದರೂ ಕೊನೆಯ ಅರ್ಧ ಸುತ್ತು ಬಿಡಬೇಕು. "ಆ ಅರ್ಧ ಸುತ್ತು ನಮ್ಮದಲ್ಲ, ಮುಂದ ಬಿಚ್ಚೋರದು," ಎನ್ನುತ್ತಿದ್ದಳು ಅವ್ವ. ಮರೆತರೆ ತಲೆಗೆ ಮೊಟಕು. ನನ್ನ ತಲೆ ಅದನ್ನು ಮರೆತಿದೆ, ಕೈ ಮರೆತಿಲ್ಲ.

ಇದನ್ನು ನಾನು ಆ ದಿನ ಕಾರಿನ ಮುಂದೆ ನಿಂತು ತಡವರಿಸುತ್ತ ಹೇಳಿದೆ. ಕೇಳಿ ಶಿವಾನಂದ ತಲೆ ಅಲ್ಲಾಡಿಸಿದ. "ಮನಿ ಡಬ್ಬಿ ಬ್ಯಾರೆ, ಎಂಜಿನ್ ಬ್ಯಾರೆ ಮಾಮಾ. ಆದ್ರೂ ಮಾತು ಮಾತೇ. ದೀಪ ಹತ್ಯದ."

ನಾನು ಬಾಯಿ ತೆರೆಯುವ ಮೊದಲು ಕಸ್ತೂರಿ ತಿರುಗಿದಳು. ಈ ವಯಸ್ಸಿಗೆ ಈ ಕಾರೇ ಎಂದು ಮೊದಮೊದಲು ಗೊಣಗಿದವಳು.

"ತಮ್ಮಾ, ಮೂವತ್ತು ವರ್ಷ ಆತು, ಈ ಮನ್ಯಾಗ ಇವರು ಮುಚ್ಚಿಟ್ಟ ಒಂದ ಡಬ್ಬಿ ನನಗ ತ್ರಾಸ ಕೊಟ್ಟಿಲ್ಲ. ಯಾಕಂತ ನನಗೂ ಇವತ್ತೇ ಗೊತ್ತಾತು. ನಿನ್ನ ಮನ್ಯಾಗ ಸವಿತಾ ಉಪ್ಪಿನಕಾಯಿ ಭರಣಿ ಹಿಡಕೊಂಡು ನೆರಮನಿಗೆ ಹೋಗ್ತಾಳ, ಬಿಚ್ಚಿಸಿಕೊಂಡು ಬರಾಕ. ಕೇಳು ಬೇಕಾರ."

ಸವಿತಾ ನೆಲ ನೋಡುತ್ತ ನಕ್ಕಳು. ನನಗೆ ಧೈರ್ಯ ಬಂತು. "ಕೆಟ್ಟ ಮಾಲು ಮಾರಬೇಕು ಅಂತ ಅಲ್ಲೇನು ನಮ್ಮ ಕರಾರು? ಗಾಡಿ ಕೆಟ್ಟಿಲ್ಲ. ಕೆಟ್ಟಾಂವ ನಾನು. ಮಾರೂದಿದ್ರ ನನ್ನ ಮಾರು. ಡಾಕ್ಟರಿಗೆ ಕೇಳು, ತಗೋತಾರೇನು?"

"ನಿಮ್ಮನ್ಯಾರು ತಗೋತಾರ್ರಿ," ಎಂದಳು ಕಸ್ತೂರಿ, "ನಡೀರಿ, ಗಾಲಿ ಕೆಳಗ ನಿಂಬಿಹಣ್ಣು ಇಡ್ರಿ."

ಶಿವಾನಂದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ, ಗಾಡಿ ಮಾರುವುದಿಲ್ಲವೆಂದು ಹೇಳಿದ. ಮಾತು ತಪ್ಪಿದವನು ಎಂದು ಯಾರಾದರೂ ನನ್ನನ್ನು ಅಂದರೆ ಅನ್ನಲಿ. ಆಡಿದ ಮಾತಿನಲ್ಲಿ ನಾನು ಬಿಟ್ಟುಕೊಂಡ ಅರ್ಧ ಸುತ್ತು ಅದು.

ದಸರಾ ಮುಗಿದ ಮೇಲೆ ಕೊಂಢವಾಕ್ಕೆ ಹೋಗಿ ಯೂಸುಫಭಾಯಿಗೆ ತಪ್ಪೊಪ್ಪಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಸ್ಕ್ಯಾನರಿನಿಂದ ದೀಪ ಅಳಿಸಿ, ಮುಚ್ಚಳವನ್ನು ಪೂರ್ತಿ ಬಿಗಿದು, ಅದರ ಮೇಲಿಂದ ಎಂಜಿನ್ನಿನ ಮೇಲಕ್ಕೆ ಬಿಳಿ ಬಣ್ಣದ ಒಂದು ಗೆರೆ ಎಳೆದರು. "ಸಾವ್ಕಾರ್ರ, ಮುಚ್ಚಳದ ಗೆರಿ, ಎಂಜಿನ್ನಿನ ಗೆರಿ ಎರಡೂ ಕೂಡೂತನಕ ತಿರುವಬೇಕು. ನಿಮ್ಮ ಅವ್ವಾರ ನೆನಪಾದ್ರೂ ನಡುವ ನಿಲ್ಲಬಾರದು." ಅಂದಿನಿಂದ ತಂಬಿಗೆ ಹತ್ತಿಲ್ಲ.

ಇಲ್ಲಿಗೆ ಮುಗಿಸಿದರೆ ನಾನು ಸುಧಾರಿಸಿದ ಮನುಷ್ಯ ಎಂದಾಗುತ್ತಿತ್ತು. ಸುಧಾರಿಸಲು ಪ್ರಯತ್ನವನ್ನೂ ಮಾಡಿದೆ. ಈ ಕೈಯ ಚಟವೇ ಬಿಡಿಸಿಬಿಡಬೇಕೆಂದು ಆ ವಾರ ಅಡುಗೆಮನೆಗೆ ಹೋಗಿ, ಕಂಡ ಕಂಡ ಡಬ್ಬಿ ಬಾಟಲಿಗಳನ್ನೆಲ್ಲ ಪೂರ್ತಿ ಬಿಗಿದೆ. ಮರುದಿನ ಬೆಳಿಗ್ಗೆ ನಾಷ್ಟಾಕ್ಕೆ ಕೂತಿದ್ದೇನೆ, ಕಸ್ತೂರಿ ಒಳಗಿಂದ ಬರುವುದು ತಡವಾಯಿತು. ಎದ್ದು ನೋಡಿದರೆ, ಅಗಸಿ ಚಟ್ನಿಯ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ, ಹೊಟ್ಟೆಗೆ ಒತ್ತಿ ಹಿಡಿದು ತಿರುವುತ್ತಿದ್ದಳು. ಅವಳ ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ಈಚೆಗೆ ಬೆಳಿಗ್ಗೆ ಬೆಳಿಗ್ಗೆ ಹಾಗೆ ಆಗುತ್ತದಂತೆ. ಯಾವಾಗಿನಿಂದ ಎಂದರೆ, "ಆತು ಒಂದ್ ವರ್ಷ" ಎಂದಳು. ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯ ಮುಚ್ಚಳಗಳು ಅದನ್ನು ನನ್ನಿಂದ ಮುಚ್ಚಿಟ್ಟಿದ್ದವು.

ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು ಬಿಚ್ಚಿದೆ. ಆಮೇಲೆ ಅಲ್ಲಿಯೇ ಕೆಳಗೆ ಕೂತು ಶೇಂಗಾ, ಅವಲಕ್ಕಿ, ಮಸಾಲೆ ಖಾರ, ನಿಂಬೆಕಾಯಿ ಉಪ್ಪಿನಕಾಯಿ, ಒಂದೊಂದನ್ನೇ ತೆಗೆದು ಎಲ್ಲವನ್ನೂ ಅರ್ಧ ಸುತ್ತು ಹಿಂದಕ್ಕೆ ತಿರುವಿ ಇಟ್ಟೆ. ಅಂಗಡಿಗೆ ಹೋಗುವುದು ತಡವಾಯಿತು. ಆಗಲಿ.

ಎಂಜಿನ್ನಿಗೆ ಅದರ ಪೂರ್ತಿ ಸುತ್ತನ್ನು ಕೊಡುತ್ತೇನೆ, ಬಿಳಿ ಗೆರೆ ಕೂಡುವವರೆಗೆ. ಉಳಿದ ಲೋಕಕ್ಕೆ ನನ್ನಿಂದ ಸಿಗುವುದು ಅರ್ಧ ಸುತ್ತು ಕಡಿಮೆಯೇ. ಅದಕ್ಕೆ ಯಾರ ಕಾರಿನಲ್ಲಿ ಯಾವ ದೀಪ ಹತ್ತುತ್ತದೋ ಹತ್ತಲಿ, ಅದನ್ನು ಮುಚ್ಚಿಡಲು ಟೇಪನ್ನಂತೂ ಹಚ್ಚುವುದಿಲ್ಲ.